ಉಪ್ಪು ನೋಡುವ ಸರೋಜವ್ವ

ರಂಜಾನ್ ತಿಂಗಳು ಬಂತೆಂದರೆ ಸವಣೂರಿನ ಆ ಓಣಿಯಲ್ಲಿ ಸರೋಜವ್ವನ ಗತ್ತೇ ಬೇರೆ. ಉಳಿದ ತಿಂಗಳುಗಳಲ್ಲಿ ಆಕೆ ಹಿಟ್ಟಿನ ಗಿರಣಿ ಲಕ್ಷ್ಮಪ್ಪನ ಹೆಂಡತಿ. ಆ ಒಂದು ತಿಂಗಳು ಮಾತ್ರ ಲಕ್ಷ್ಮಪ್ಪ ಸರೋಜವ್ವನ ಗಂಡ.

ಬಿಸಿಲು ಇಳಿಯುವ ಹೊತ್ತಿಗೆ ಆಕೆ ಮುಖ ತೊಳೆದು, ಹಣೆಗೆ ಕುಂಕುಮ ಇಟ್ಟುಕೊಂಡು, ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಮಡಚಿ ಕೂರುತ್ತಿದ್ದಳು. ಪಕ್ಕದಲ್ಲಿ ಬಾಯಿ ಮುಕ್ಕಳಿಸಲು ಒಂದು ತಂಬಿಗೆ ನೀರು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಬರುತ್ತಿದ್ದರು. ಒಬ್ಬರ ಬಟ್ಟಲಲ್ಲಿ ಖೀಮಾ, ಇನ್ನೊಬ್ಬರದರಲ್ಲಿ ಬೇಳೆ, ಮಾಂಸ ಕೂಡಿಸಿ ಬೇಯಿಸಿದ ದಾಲ್ಚಾ, ಮತ್ತೊಬ್ಬರದರಲ್ಲಿ ಸಮೋಸಾದೊಳಗೆ ತುಂಬುವ ಪಲ್ಯ. ಎಲ್ಲ ಒಂದೊಂದೇ ಚಮಚ. ರೋಜಾ ಹಿಡಿದವರು ಬೆಳಗಿನಿಂದ ಹನಿ ನೀರನ್ನೂ ಮುಟ್ಟದೆ ಅಡುಗೆ ಮಾಡಿರುತ್ತಾರೆ, ಉಪ್ಪು ನೋಡುವವರು ಯಾರು? ನಾಲಗೆಯ ತುದಿಗೆ ಮುಟ್ಟಿಸಿ ಉಗುಳಿಬಿಟ್ಟರೆ ತಪ್ಪೇನಿಲ್ಲ ಎಂದು ತಿಳಿದವರು ಹೇಳಿದ್ದುಂಟು. ಆದರೆ ಈ ಓಣಿಯ ಹೆಂಗಸರಿಗೆ ಅದು ಮನಸ್ಸಿಗೆ ಬಾರದು. ಕಟ್ಟೆಯ ಮೇಲೆ ಸರೋಜವ್ವ ಕೂತಿರುವಾಗ ಆ ಫಜೀತಿಯಾದರೂ ಯಾಕೆ?

ಸರೋಜವ್ವ ಬಟ್ಟಲಿಗೆ ಬೆರಳು ಅದ್ದುವವಳಲ್ಲ. ಅಂಗೈಗೆ ಸುರುವಿಸಿಕೊಂಡು, ಒಮ್ಮೆ ನಾಲಗೆಯಿಂದ ಸವರಿ, ಕಣ್ಣು ಮುಚ್ಚುತ್ತಾಳೆ. ಆಗ ಎದುರಿಗೆ ನಿಂತವರು ಕೆಮ್ಮುವಂತಿಲ್ಲ. ಕಣ್ಣು ತೆರೆದ ಮೇಲೆ ತೀರ್ಪು. "ಒಂದ ಚಿಟಿಕಿ ಬೀಳ್ಲಿ." "ಹದಾ ಐತಿ, ಇಳಸು." "ಉಪ್ಪು ಸರಿ ಐತಿ, ಆದ್ರ ಬಳ್ಳೊಳ್ಳಿ ಹೊತ್ತಿಸಿಯಲ್ಲ, ಮೊಬೈಲ್ ನೋಡಕೋಂತ ಕುಂತಿದ್ದೇನು?" ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ.

ಇದು ಶುರುವಾದದ್ದು ಗೋಡೆಯಾಚೆಯ ಹಾಜರಾಬಿಯಿಂದ. ಆಕೆ ಬಂದೇಸಾಬನನ್ನು ಮದುವೆಯಾಗಿ ಬಂದ ಮೊದಲ ರಂಜಾನಿನಲ್ಲಿ, ಹಸಿವಿನ ಮಂಕಿನಲ್ಲಿ ಒಂದೇ ಸಾರಿಗೆ ಎರಡು ಸಲ ಉಪ್ಪು ಹಾಕಿ, ಅತ್ತೆಯ ಬಾಯಿಗೆ ಹೆದರಿ ಹಿತ್ತಲಲ್ಲಿ ಅಳುತ್ತ ನಿಂತಿದ್ದಳು. ಅದೇ ವರ್ಷ ಆಚೆ ಮನೆಗೆ ಸೊಸೆಯಾಗಿ ಬಂದಿದ್ದ ಸರೋಜವ್ವ ಹಿತ್ತಲ ಗೋಡೆಯ ಮೇಲಿಂದ ಕೈ ಚಾಚಿ, "ತಾ ಇಲ್ಲೆ, ನೋಡೂಣು" ಎಂದು ರುಚಿ ನೋಡಿ, ಸಾರಿನಲ್ಲಿ ಗೋಧಿ ಹಿಟ್ಟಿನ ಉಂಡೆ ಬಿಡಿಸಿ, ನೀರು ಹಾಕಿಸಿ, ಮರ್ಯಾದೆ ಉಳಿಸಿದ್ದಳು. ಮಾರನೆಯ ದಿನ ಹಾಜರಾಬಿ ತಾನಾಗಿಯೇ ಬಟ್ಟಲು ಹಿಡಿದು ಬಂದಳು. ಆಮೇಲೆ ಓಣಿಗೆ ಓಣಿಯೇ ಬಂತು.

ಬರಿ ಬಟ್ಟಲು ಬಂದು ಹೋಗುವ ಲೆಕ್ಕವಲ್ಲ ಅದು. ಕಟ್ಟೆಯಿಂದ ಎದ್ದ ಸರೋಜವ್ವ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗಂಡನ ಗಿರಣಿಯಲ್ಲಿ ಅಂದೇ ಬೀಸಿದ ಹಿಟ್ಟು, ಹಂಚಿನ ಮೇಲೆ ಪುರಿಯಂತೆ ಉಬ್ಬುವ ರೊಟ್ಟಿ. ಅಜಾನ್ ಆಗುವ ಮುನ್ನ ಆ ರೊಟ್ಟಿ ಮನೆಮನೆಗೆ ಹೋಗುತ್ತಿತ್ತು. ಅಜಾನ್ ಆದ ಮೇಲೆ ಮನೆಮನೆಯಿಂದ ತಾಟು ಬರುತ್ತಿತ್ತು. ಹಾನಗಲ್ಲಿನಿಂದ ಬಂದ ಗುಲ್ನಾರಳ ಮನೆಯ ದಾಲ್ಚಾ, ಮೂಲೆಮನೆಯ ಖೀಮಾ, ಹಾಜರಾಬಿಯ ಕಾಲು ಸೂಪು. ಕಣ್ಣು ಕಟ್ಟಿ ಬಾಯಿಗೆ ಹಾಕಿದರೂ ಯಾವುದು ಯಾರ ಮನೆಯದೆಂದು ಸರೋಜವ್ವ ಹೇಳಬಲ್ಲವಳಾಗಿದ್ದಳು. ಆ ತಿಂಗಳು ಆಕೆ ಸಂಜೆಗೆ ಸಾರು ಕಾಸಿದವಳೇ ಅಲ್ಲ.

ಇಂಥ ನಾಲಗೆಗೆ ಈ ವರ್ಷ ಕಂಟಕ ಬಂತು.

ಸಂಕ್ರಾಂತಿಗೆ ತಡಸದ ಮಗಳ ಮನೆಗೆ ಹೋದಾಗ ಸರೋಜವ್ವ ಸಜ್ಜಿ ರೊಟ್ಟಿ ಬಡಿಯುತ್ತ ಬಡಿಯುತ್ತಲೇ ತಲೆ ತಿರುಗಿ ಗೋಡೆಗೆ ಒರಗಿದಳು. ಅಳಿಯ ಆಕೆಯನ್ನೂ ಲಕ್ಷ್ಮಪ್ಪನನ್ನೂ ಶಿಗ್ಗಾಂವಿಯ ಡಾಕ್ಟರ ಬಳಿ ಕರೆದೊಯ್ದ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, ಬಿಪಿ ಮೇಲೇರಿದೆ, ಗುಳಿಗೆ ತಗೊಳ್ಳಿ, ಉಪ್ಪು ಕಡಿಮೆ ಮಾಡಿ ಅಂದರು. ಡಾಕ್ಟರು ಹೇಳಿದ್ದು ಕಡಿಮೆ ಎಂದು. ಲಕ್ಷ್ಮಪ್ಪ ಕೇಳಿಸಿಕೊಂಡದ್ದು ಬಂದ್ ಎಂದು. ಮನೆಗೆ ಬಂದವನೇ ಉಪ್ಪಿನ ಡಬ್ಬಿ, ಉಪ್ಪಿನಕಾಯಿ ಭರಣಿ, ಹಪ್ಪಳ, ಸಂಡಿಗೆ, ಕೊನೆಗೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಶೀಶೆಯನ್ನೂ ಬಿಡದೆ ಗಿರಣಿಗೆ ಸಾಗಿಸಿ ಕಪಾಟಿಗೆ ಕೀಲಿ ಹಾಕಿದ.

"ನನಗ ಬ್ಯಾಡ ಅಂದಾರ, ನೀವರ ಉಣ್ರಿ" ಎಂದಳು ಸರೋಜವ್ವ.

"ನೀ ಉಣ್ಣದ್ದು ನನಗೂ ಬ್ಯಾಡ" ಎಂದ ಲಕ್ಷ್ಮಪ್ಪ. ಮದುವೆಯಾದಂದಿನಿಂದ ಅಷ್ಟು ಪ್ರೀತಿಯ ಮಾತನ್ನು ಆತ ಆಡಿರಲಿಲ್ಲ. ಅದಕ್ಕೆ ಆಕೆಗೆ ಜಗಳ ತೆಗೆಯಲು ದಾರಿಯೇ ಸಿಗಲಿಲ್ಲ.

ಮೊದಮೊದಲು ಊಟವೆಂದರೆ ಮೇವು ತಿಂದಂತಾಗುತ್ತಿತ್ತು. ಬರಬರುತ್ತ ರೂಢಿಯಾಯಿತು. ಚಳಿ ಹೋಗಿ ಬಿಸಿಲು ಬಂತು, ರಂಜಾನ್ ಹತ್ತಿರವಾಯಿತು. ಸರೋಜವ್ವ ಗಂಡನಿಂದ ಒಂದು ಆಣೆ ಮಾಡಿಸಿಕೊಂಡಳು.

"ನನಗ ಬಿಪಿ ಐತಿ ಅಂತ ಓಣ್ಯಾಗ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

"ಯಾಕ? ಅದೇನ ಕಳವು ಮಾಡಿ ತಂದದ್ದೇನು?"

"ಬ್ಯಾನಿ ಇದ್ದಾಕಿಗೆ ಯಾಕ ತ್ರಾಸು ಅಂತ ಬಟ್ಟಲಾ ತರೂದು ಬಿಡ್ತಾರ. ಉಪ್ಪು ಬ್ಯಾಡ ಅಂದಾರಂತ ತಾಟೂ ಬಿಡ್ತಾರ. ಆಮ್ಯಾಲೆ ನಾ ಕಟ್ಟಿ ಮ್ಯಾಲೆ ಕುಂತು ಯಾರ ಮಾರಿ ನೋಡ್ಲಿ?"

ಒಂದು ಚಮಚ ನಾಲಗೆಗೆ ಸವರಿ ಮುಕ್ಕಳಿಸಿದರೆ ಯಾವ ಬಿಪಿ ಏರುತ್ತದೆ ಎಂಬುದು ಆಕೆಯ ವಾದ. ಅದು ಸುಳ್ಳೇನಲ್ಲ. ಆದರೆ ಉಪ್ಪು ಬಿಟ್ಟ ನಾಲಗೆ ಹಳೆಯ ನಾಲಗೆಯಾಗಿ ಉಳಿದಿರುವುದಿಲ್ಲ ಎಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ.

ಮೊದಲ ರೋಜಾದ ದಿನ ಮೊದಲ ಬಟ್ಟಲು ಹಾಜರಾಬಿಯದೇ. ಸರೋಜವ್ವ ಅಂಗೈ ಒಡ್ಡಿ, ಸವರಿ, ಕಣ್ಣು ಮುಚ್ಚಿದವಳು ಮುಖ ಕಿವುಚಿದಳು.

"ಏನ ಹಾಜರಾ, ಇಷ್ಟು ವರ್ಷ ಅಡಗಿ ಮಾಡಿ ಈಗ ಕೈ ತಪ್ಪಿತೇನು? ಉಪ್ಪು ಮುಂದಾಗೇತಿ. ಬಟಾಟಿ ಹಾಕಿ ನೀರು ಬಿಡು."

ಹಾಜರಾಬಿ ಒಂದು ಗಳಿಗೆ ಆಕೆಯ ಮುಖವನ್ನೇ ನೋಡಿ, "ಹೌದ? ಆತು, ಬಿಡ್ತೇನಿ" ಎಂದು ಹೋದಳು. ಮುಂದೆ ಬಂದ ಗುಲ್ನಾರಳದೂ ಮುಂದಾಗಿತ್ತು. ಮೂಲೆಮನೆಯವರದಂತೂ ಬಾಯಿಗೆ ಇಡುವಂತಿರಲಿಲ್ಲ. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಓಣಿಯ ಹೆಂಗಸರಿಗೆಲ್ಲ ಒಮ್ಮೆಗೇ ಕೈ ಹಿಡಿತ ತಪ್ಪಿದೆಯೆಂದು ಸರೋಜವ್ವನಿಗೆ ಮರುಕ ಬಂತು. ಇವರಿಗೆ ತಾನೊಬ್ಬಳು ಇಲ್ಲದಿದ್ದರೆ ಗತಿಯೇನು ಎಂದು ಒಳಗೊಳಗೆ ಹೆಮ್ಮೆಯೂ ಆಯಿತು. ಸಂಜೆ ಬಂದ ತಾಟುಗಳಲ್ಲಿ ಆಕೆ ತುತ್ತಿಗೊಂದು ಚೂರು ಹಚ್ಚಿಕೊಂಡು ತಿಂದರೂ ಉಪ್ಪೇ ಉಪ್ಪು. "ಹೇಳಿದ್ರೂ ಕಡಿಮಿ ಮಾಡಿಲ್ಲ ನೋಡ್ರಿ" ಎಂದರೆ ಲಕ್ಷ್ಮಪ್ಪನೂ ನೀರು ಕುಡಿಯುತ್ತ, "ಹೌದಾ, ಬಾಳ ಆಗೇತಿ" ಎನ್ನುತ್ತಿದ್ದ. ತಪ್ಪಿದ್ದು ಓಣಿಯ ಕೈಯಲ್ಲ, ತಮ್ಮಿಬ್ಬರ ನಾಲಗೆ ಎಂಬುದು ಗಂಡ ಹೆಂಡಿರಿಬ್ಬರಿಗೂ ಹೊಳೆಯಲಿಲ್ಲ.

ಹೀಗಿರುವಾಗ ಹಾಜರಾಬಿಯ ಮನೆಗೆ ಬೀಗರು ಬರುವ ದಿನ ಬಂತು.

ಹಾಜರಾಬಿಯ ಮಗ ಮುಬಶೀರನ ಮದುವೆ ಈ ಚಳಿಗಾಲದಲ್ಲಷ್ಟೇ ಆಗಿತ್ತು. ಸೊಸೆ ನಿಖತ ಹಿರೇಕೆರೂರಿನ ಹುಡುಗಿ. ತೆಳ್ಳಗಿನ ದನಿ, ಕಣ್ಣಲ್ಲಿ ಮಾತ್ರ ಎಲ್ಲವನ್ನೂ ಅಳೆದು ನೋಡುವ ಚುರುಕು. ಮಗಳ ಹೊಸ ಮನೆಯಲ್ಲಿ ಮೊದಲ ರಂಜಾನಿನ ಒಂದು ಸಂಜೆ ರೋಜಾ ಬಿಡಲು ಆಕೆಯ ಅಪ್ಪ ಹಜರತಅಲಿ, ತಾಯಿ, ಚಿಕ್ಕಮ್ಮಂದಿರು ರಟ್ಟೀಹಳ್ಳಿ ದಾರಿಯ ಬಸ್ಸು ಹಿಡಿದು ಬರುವವರಿದ್ದರು. ಅಂದಿನ ಅಡುಗೆ ನಿಖತಳದೇ ಎಂದು ಹಾಜರಾಬಿ ಹೇಳಿಬಿಟ್ಟಳು. ನಿಖತ ತಾಯಿಯಿಂದ ಕಲಿತ ಖೀಮಾ ಉಂಡೆಯ ಸಾರು ಮಾಡಿದಳು. ಖೀಮಾಕ್ಕೆ ಹುರಿಗಡಲೆ ಹಿಟ್ಟು, ಹಸಿ ಶುಂಠಿ, ಕೊತ್ತಂಬರಿ ಸೇರಿಸಿ ಕಟ್ಟಿದ ಉಂಡೆಗಳನ್ನು ಗಸಗಸೆ, ಕೊಬ್ಬರಿ ಅರೆದ ಸಾರು ಕುದಿಯುವಾಗ ಒಂದೊಂದಾಗಿ ಬಿಡಬೇಕು. ಅವಸರ ಮಾಡಿದರೆ ಉಂಡೆ ಒಡೆಯುತ್ತದೆ.

ದಿನಾ ಬಟ್ಟಲು ತರುತ್ತಿದ್ದವಳು ಹಾಜರಾಬಿ. ಅಂದು ಆಕೆ ಬೀಗರಿಗೆ ಜಮಖಾನೆ ಹಾಸುವ ಗಡಿಬಿಡಿಯಲ್ಲಿದ್ದಾಗ ನಿಖತಳೇ ಕಟ್ಟೆಗೆ ಓಡಿ ಬಂದಳು.

ಸರೋಜವ್ವ ಸವರಿದಳು. ಮಸಾಲೆ ಹದವಾಗಿತ್ತು, ಗಸಗಸೆ ನುಣ್ಣಗಿತ್ತು. ಉಪ್ಪು ಮಾತ್ರ ನಾಲಗೆಗೆ ಚುಚ್ಚಿತು.

"ಅಯ್ಯ ನನ್ನ ಮಗಳ, ಎಷ್ಟ ಚಂದ ಮಾಡೀ. ಆದ್ರ ಉಪ್ಪು ಬಾಳ ಆತು. ಎರಡ ತಂಬಿಗಿ ಬಿಸಿನೀರು ಬಿಡು, ಬಟಾಟಿ ಹೆಚ್ಚಿ ಹಾಕು. ತವರಮನಿಯವ್ರ ಮುಂದ ಮಾನಾ ಹೋಗಬಾರದು."

ನಿಖತಳ ಮುಖ ಬಿಳುಪಾಯಿತು. "ಹೌದ್ರೀ ದೊಡ್ಡವ್ವಾರ? ಅಳತಿ ಮಾಡೇ ಹಾಕಿದ್ದೆ…"

"ನನ್ನ ಮಾತು ಕೇಳು."

ಕೇಳಿದಳು. ಪೂರ್ತಿ ಕೇಳಿದಳು.

ಬೀಗರಿಗೆಂದು ಸರೋಜವ್ವ ಅಂದು ರೊಟ್ಟಿಯನ್ನು ಮೊದಲೇ ಕಳಿಸಲಿಲ್ಲ. ಬಿಸಿಬಿಸಿಯಾಗಿಯೇ ಮುಟ್ಟಬೇಕೆಂದು ಅಜಾನ್ ಆಗಿ, ಖರ್ಜೂರ ತಿಂದು, ನಮಾಜು ಮುಗಿಸಿ ಅವರು ಊಟಕ್ಕೆ ಕೂರುವ ಹೊತ್ತು ನೋಡಿಕೊಂಡು, ಬುಟ್ಟಿಗೆ ಅರಿವೆ ಸುತ್ತಿ ತಾನೇ ಹೊತ್ತು ನಡೆದಳು. ಒಳಮನೆಯ ಬಾಗಿಲಿಗೆ ಬಂದಾಗ ಹೆಂಗಸರು ಸಾಲಾಗಿ ಕೂತು ಉಣ್ಣುತ್ತಿದ್ದುದು ಕಂಡಿತು. ಒಂದು ಉಪ್ಪಿನ ಡಬ್ಬಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಸದ್ದಿಲ್ಲದೆ ಸಾಗುತ್ತಿತ್ತು.

ನಿಖತಳ ತಾಯಿ ಮಗಳ ಕಿವಿಯ ಬಳಿ ಬಾಗಿ, "ಕೈ ಎಲ್ಲಿಟ್ಟು ಬಂದೆ? ಇದೇನು ಸಾರೋ, ತೊಳೆದ ನೀರೋ?" ಎಂದಳು. ಆಡಿದ್ದು ಅವರ ಮನೆಮಾತಾದ ಉರ್ದುವಿನಲ್ಲಿ. ಆದರೆ ಇಷ್ಟು ವರ್ಷ ಒಂದೇ ಗೋಡೆಗೆ ಬೆನ್ನು ಹಚ್ಚಿ ಬಾಳಿದ ಸರೋಜವ್ವನಿಗೆ ಆ ಮಾತು ಬಾರದೇನು? ನಿಖತ ತುಟಿ ಕಚ್ಚಿಕೊಂಡು, "ನಾ ಸರಿಯಾಗೇ ಹಾಕಿದ್ದೆ ಅಮ್ಮಾ. ದೊಡ್ಡವ್ವ ಹೆಚ್ಚಾಯಿತು ಅಂದರು, ನೀರು ಹಾಕಿದೆ" ಎನ್ನುತ್ತ ಅತ್ತೇಬಿಟ್ಟಳು. ಹಾಜರಾಬಿ, "ಸುಮ್ಮನಿರು, ಆಕೆಯ ಮುಂದೆ ಮಾತ್ರ…" ಎಂದವಳು ತಲೆಯೆತ್ತಿ ಬಾಗಿಲು ನೋಡಿದಳು. ನೋಡಿದ್ದೇ ತಡ, ಕೈಗೆ ಬಂದಿದ್ದ ಉಪ್ಪಿನ ಡಬ್ಬಿಯನ್ನು ಗಬಕ್ಕನೆ ಸೆರಗಿನಡಿ ಮುಚ್ಚಿದಳು.

ಆ ಡಬ್ಬಿ ಕಂಡದ್ದಕ್ಕಿಂತ ಅದನ್ನು ಮುಚ್ಚಿದ್ದು ಸರೋಜವ್ವನನ್ನು ಹೆಚ್ಚು ನೋಯಿಸಿತು.

"ರೊಟ್ಟಿ ಆರ್ತಾವು, ಉಣ್ರಿ" ಎಂದು ಬುಟ್ಟಿ ಇಳಿಸಿ, ಯಾರು ಕರೆದರೂ ನಿಲ್ಲದೆ ಮನೆಗೆ ಬಂದಳು.

ಅಷ್ಟರಲ್ಲಿ ಮುಬಶೀರ ಮುಂಬಾಗಿಲಿಂದ ತಾಟು ತಂದುಕೊಟ್ಟು ಹೋಗಿದ್ದ. ಲಕ್ಷ್ಮಪ್ಪ ಅದೇ ಉಂಡೆ ಸಾರಿನಲ್ಲಿ ರೊಟ್ಟಿ ಮುರಿದು ಹಾಕಿಕೊಂಡು ಸೊರ್‍ರೆನ್ನುತ್ತ ತಿನ್ನುತ್ತಿದ್ದ. ಈ ತಿಂಗಳಲ್ಲಿ ಆತ ಇಷ್ಟು ಸುಖವಾಗಿ ಉಂಡದ್ದನ್ನು ಆಕೆ ಕಂಡಿರಲಿಲ್ಲ.

"ಹ್ಯಾಂಗೈತ್ರಿ?"

"ಇವತ್ತ ನೋಡು ಹದಾ ಬಂದೈತಿ. ಆ ಹುಡುಗಿ ಕೈ ಬಾಳ ಚಲೋ."

ಸರೋಜವ್ವ ಒಂದು ತುತ್ತು ಬಾಯಿಗಿಟ್ಟಳು. ಆಕೆಗೂ ಹದವಾಗಿತ್ತು. ಗೋಡೆಯಾಚೆ ಉಪ್ಪಿನ ಡಬ್ಬಿ ತಿರುಗುತ್ತಿದ್ದ ಸಾರು, ಇಲ್ಲಿ ಹದ. ಆಗ ಎಲ್ಲವೂ ತಿಳಿಯಿತು. ಮೊದಲ ದಿನ ಹಾಜರಾಬಿ ಯಾಕೆ ಮುಖವನ್ನೇ ನೋಡುತ್ತ ನಿಂತಳು, ಗುಲ್ನಾರ ಯಾಕೆ "ಖರೇನ್ರಿ?" ಎಂದು ಎರಡೆರಡು ಸಲ ಕೇಳುತ್ತಿದ್ದಳು ಎಂಬುದೆಲ್ಲ. ಹೆತ್ತವರ ಮುಂದೆ ಒಂದು ಹುಡುಗಿಯನ್ನು ಅಳಿಸಿದ್ದು ತನ್ನ ನಾಲಗೆ. ನಾಚಿಕೆಯಿಂದ ಆಕೆಗೆ ಕಿವಿ ಬಿಸಿಯಾಯಿತು. ತಾಟನ್ನು ಗಂಡನ ಕಡೆ ಸರಿಸಿದಳು.

ಮರುದಿನ ಸಂಜೆ ಸರೋಜವ್ವನ ಬಾಗಿಲು ಹಾಕಿತ್ತು. ಕಟ್ಟೆಯ ಮೇಲೆ ತಂಬಿಗೆ ಇರಲಿಲ್ಲ. ಬಟ್ಟಲು ಹಿಡಿದು ಬಂದವರಿಗೆ ಲಕ್ಷ್ಮಪ್ಪ ಕಿಟಕಿಯಿಂದ ಮುಖ ಹಾಕಿ, "ಆಕಿಗೆ ಮೈಯಾಗ ಆರಾಮಿಲ್ರಿ" ಎಂದ. ಹೆಂಡತಿ ಹೇಳಿಕೊಟ್ಟದ್ದು ಅಷ್ಟೇ. "ಆರಾಮಿಲ್ಲ ಅಂದ್ರ ಹಂಗೇನಿಲ್ಲ, ಸಿಟ್ಟು ಬಂದೈತಿ" ಎಂಬುದನ್ನು ಆತ ತನ್ನ ಕಡೆಯಿಂದ ಸೇರಿಸಿದ.

ಹಾಜರಾಬಿ ಮುಂಬಾಗಿಲ ಗೊಡವೆಗೇ ಹೋಗಲಿಲ್ಲ. ಹಿತ್ತಲಿಂದ ನೇರ ಅಡುಗೆಮನೆಗೆ ಬಂದಳು. ಸರೋಜವ್ವ ಆರಿದ ಒಲೆಯ ಮುಂದೆ ಕೂತಿದ್ದಳು.

"ಏ ಸರೋಜಾ, ಏನಿದು ನಿಂದು?"

"ನನ್ನ ಹಂತ್ಯಾಕ ಬರಬ್ಯಾಡ ನೀ. ಇಡೀ ಓಣಿ ಕೂಡಿ ನನ್ನ ಮಳ್ಳಿ ಮಾಡಿದ್ರಿ. ನನ್ನ ಮುಂದ ಹೂಂ ಅಂದ್ರಿ, ಮನಿಗೆ ಹೋಗಿ ನಿಮಗ ಬೇಕಾದಂಗ ಮಾಡಿದ್ರಿ. ಒಬ್ಬಾಕಿಗರ ಹೇಳಾಕ ಬಾಯಿ ಇರ್ಲಿಲ್ಲೇನು?"

"ನೀ ಹೇಳಿದ್ಯಾ, ನಿನಗ ಬಿಪಿ ಬಂದೈತಿ ಅಂತ?"

ಸರೋಜವ್ವ ಬೆಚ್ಚಿದಳು. "ನಿನಗ್ಯಾರು ಹೇಳಿದ್ರು?"

"ಯಾರು ಹೇಳ್ತಾರ? ಗಿರಣ್ಯಾಗ ಗಡಗಡ ಸಪ್ಪಳಾ. ನಿನ್ನ ಗಂಡ ಗುಟ್ಟು ಹೇಳಿದ್ರೂ ಒದರೇ ಹೇಳಬೇಕಲ್ಲ. 'ಆಕಿಗೆ ಬಿಪಿ ಐತ್ರೆವಾ, ಉಪ್ಪು ಬಂದ್ ಮಾಡೇನಿ, ಆದ್ರ ಯಾರಿಗೂ ಹೇಳಬ್ಯಾಡ್ರಿ' ಅಂತ ಹಿಟ್ಟು ಬೀಸಾಕ ಹೋದವ್ರಿಗೆಲ್ಲ ಒದರಿ ಒದರಿ ಹೇಳ್ಯಾನ."

ನಡುಮನೆಯಲ್ಲಿ ಲಕ್ಷ್ಮಪ್ಪನ ಕೆಮ್ಮು ಕೇಳಿ, ಹಿಂದೆಯೇ ಮುಂಬಾಗಿಲು ತೆರೆದ ಸದ್ದಾಯಿತು. ಗಿರಣಿಯಲ್ಲಿ ಆತನಿಗೆ ಒಮ್ಮೆಲೇ ಕೆಲಸ ನೆನಪಾಗಿರಬೇಕು.

"ಮತ್ತ ಗೊತ್ತಿದ್ದೂ ಬಟ್ಟಲಾ ಯಾಕ ತಂದ್ರಿ?" ಸರೋಜವ್ವನ ದನಿ ಒಡೆಯಿತು. "ಪಾಪ ಅಂತ ತಂದ್ರೇನು?"

ಹಾಜರಾಬಿಗೆ ಈಗ ನಿಜಕ್ಕೂ ಸಿಟ್ಟು ಬಂತು. "ನೀ ಉಪ್ಪು ನೋಡ್ತಿ ಅಂತಷ್ಟ ಬರ್ತೀವೇನು ನಾವು? ಬೆಳಗಿಂದ ಬಾಯಿ ಒಣಗಿಸಿಕೊಂಡು ಒಲಿ ಮುಂದ ಬೆಂದು, ಸಂಜಿಗೆ ನಿನ್ನ ಕಟ್ಟಿಗೆ ಬಂದು ನಿನ್ನ ಕಡಿಂದ ನಾಕು ಬೈಗುಳಾ ತಿಂದ ಹೋದ್ರ ಆ ದಿನದ ರೋಜಾ ಹಗರ ಆಗ್ತೈತಿ. ಅದು ತಿಳೀದ ನಿನಗ? ನಾ ಹೇಳಬೇಕಿತ್ತು, ಖರೆ. ಬಾಯಿ ಬರ್ಲಿಲ್ಲ. ಹೊಸಾ ಸೊಸಿ, ಎಲ್ಲೆರ ಬಾಯಿ ತಪ್ಪಿ ಆಡ್ಯಾಳಂತ ಆಕಿಗೂ ಹೇಳ್ಲಿಲ್ಲ. ಅದು ನನ್ನ ತಪ್ಪು."

ಸರೋಜವ್ವ ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದಳು. ಬಟ್ಟಲು ಬರುವುದು ನಿಲ್ಲುತ್ತದೆಂದು ಹೆದರಿ ಮುಚ್ಚಿಟ್ಟ ಗುಟ್ಟು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಬಟ್ಟಲು ಬಂದಿದ್ದವು. ಆದರೂ ಮನಸ್ಸು ಪೂರಾ ತಿಳಿಯಾಗಲಿಲ್ಲ. ಬರುವವರು ಬರಲಿ, ಕೂತುಕೊಂಡು ಸುಳ್ಳು ತೀರ್ಪು ಕೊಡುವುದು ಹೇಗೆ? ಉಪಯೋಗವಿಲ್ಲದ ಜಾಗದಲ್ಲಿ ದಿಮಾಕಿನಿಂದ ಕೂರುವ ಹೆಂಗಸಲ್ಲ ಆಕೆ.

"ಇನ್ನ ಮ್ಯಾಲೆ ಸುಮ್ನ ಬರ್ರಿ, ಮಾತಾಡೂಣು. ಬಟ್ಟಲಾ ತರಬ್ಯಾಡ್ರಿ. ನನ್ನ ನಾಲಿಗಿ ಸತ್ತೈತಿ" ಎಂದಳು.

"ಸತ್ತಿಲ್ರೀ ದೊಡ್ಡವ್ವಾರ."

ಹಿತ್ತಲ ಬಾಗಿಲಲ್ಲಿ ನಿಖತ ನಿಂತಿದ್ದಳು. ಎರಡು ಕೈಯಲ್ಲಿ ಎರಡು ಬಟ್ಟಲು. ಆಕೆಯನ್ನು ಕಂಡು ಸರೋಜವ್ವ ತಲೆ ತಗ್ಗಿಸಿದಳು.

"ನಿನ್ನೆ ನಿನ್ನ ಅಳಿಸಿದೆ ನನ್ನವ್ವ. ನಿಮ್ಮವ್ವನ ಮುಂದ ನಿನ್ನ ಮಾನಾ ಕಳದೆ."

"ಅದಿರ್ಲಿ ಬಿಡ್ರಿ, ಅಮ್ಮಾಗ ನಾ ಸಮಾಧಾನ ಮಾಡೇನಿ. ನಾ ಬ್ಯಾರೇನ ಹೇಳಾಕ ಬಂದೇನಿ." ಆಕೆ ಬಟ್ಟಲುಗಳನ್ನು ನೆಲದ ಮೇಲಿಟ್ಟು ಕೂತಳು. "ನಿನ್ನೆ ನೀರು ಹಾಕೂ ಮೊದ್ಲ ಒಂದ ವಾಟಗಾ ಸಾರು ತಗದಿಟ್ಟಿದ್ದೆ. ಎಲ್ಲಾರೂ ಉಂಡ ಮ್ಯಾಲೆ ಅದರ ರುಚಿ ನೋಡಿದೆ. ಸರಿಯಾಗೇ ಇತ್ತು. ನೀವು ಮುಖಾ ಕಿವುಚಿದ ಸಾರು ನಮಗ ಹದಾ. ನೀವು ಹೇಳಿದಂಗ ನೀರು ಬಿಟ್ಟದ್ದು ನಮಗ ಸಪ್ಪಗ. ಅಂದ್ರ ನಿಮ್ಮ ನಾಲಿಗಿ ಕೆಟ್ಟಿಲ್ಲ, ಒಂದ ಗೆರಿ ಈಚಿಗೆ ಸರದೈತಿ. ಆದ್ರ ಸರದ ಜಾಗಾದಾಗ ಗಟ್ಟಿ ನಿಂತೈತಿ. ನೋಡೂಣು, ಕೈ ಹಿಡೀರಿ."

ಹಾಜರಾಬಿ ಸೊಸೆಯನ್ನು ಹೊಸದಾಗಿ ನೋಡಿದಳು. ಸರೋಜವ್ವ ಒಲ್ಲದ ಮನಸ್ಸಿನಿಂದ ಅಂಗೈ ಒಡ್ಡಿದಳು. ಮೊದಲ ಬಟ್ಟಲಿನದು ಸವರಿ, ರೂಢಿಯಂತೆ ಕಣ್ಣು ಮುಚ್ಚಿ ತೆರೆದಳು.

"ಹದಾ ಐತಿ."

"ಅಂದ್ರ ಕಡಿಮಿ ಐತಿ" ಎಂದಳು ನಿಖತ. "ಈಗ ಇದು ನೋಡ್ರಿ. ಇದಕ್ಕ ನನ್ನ ಅಳತಿ ಪ್ರಕಾರ ಹಾಕೇನಿ."

ಎರಡನೆಯದು ನಾಲಗೆಗೆ ತಾಗಿದ್ದೇ ತಡ, ಸರೋಜವ್ವನ ಮೂಗು ಮೇಲೇರಿತು, ಕಣ್ಣು ಸಣ್ಣಗಾಯಿತು, ಬಾಯಿ ಒಂದು ಪಕ್ಕಕ್ಕೆ ಹೋಯಿತು. "ಥೂ!" ಎಂದು ತಂಬಿಗೆಗೆ ಕೈ ಹಾಕಿದಳು.

"ಪಾಸ್!" ಎಂದು ನಿಖತ ಚಪ್ಪಾಳೆ ಹೊಡೆದಳು. "ಅತ್ತ್ಯಾರ, ಸಾರು ಇಳಸ್ರಿ!"

ಹಾಜರಾಬಿಗೆ ತಡೆಯಲಾರದ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಿಟ್ಟಿನಿಂದ ಕೂತಿದ್ದ ಸರೋಜವ್ವ ಬಾಯಿಯಲ್ಲಿ ನೀರು ತುಂಬಿಕೊಂಡೇ ನಗಲು ಹೋಗಿ ಒಲೆಯ ಬೂದಿಯ ಮೇಲೆಲ್ಲ ಉಗುಳಿದಳು.

"ಮೂಗು ಏರಿದ್ರ ಸಾಲದ್ರೀ, ಬಾಯಿ ಸೊಟ್ಟ ಆಗಬೇಕು. ಆಗ ನಮಗ ಬರೋಬ್ಬರಿ" ಎಂದಳು ನಿಖತ. "ಸೊಟ್ಟ ಆಗಿ ಮ್ಯಾಲೆ ಬೈಗುಳಾನೂ ಬಂತಂದ್ರ ಖರೇನ ಮುಂದಾಗೇತಿ ಅಂತ ತಿಳ್ಕೋತೇವಿ. ನೀವು ಬಾಯಿಲೆ ಏನೂ ಹೇಳಬ್ಯಾಡ್ರಿ. ಮಾರಿ ತೋರಸ್ರಿ ಸಾಕು."

"ಬೈಗುಳಾ ಮಾತ್ರ ನಾ ಬಿಡಾಕಿಲ್ಲ" ಎಂದಳು ಸರೋಜವ್ವ.

ಹೊತ್ತು ಇನ್ನೂ ಇತ್ತು. ಮುಂಬಾಗಿಲು ತೆರೆಯಿತು. ತಂಬಿಗೆ ಕಟ್ಟೆಗೆ ಬಂತು. ಓಣಿಯ ತುದಿಯಲ್ಲಿ ಏನಾಗುತ್ತದೋ ಎಂದು ಬಟ್ಟಲು ಹಿಡಿದೇ ನಿಂತಿದ್ದ ಗುಲ್ನಾರ ಮೊದಲು ಓಡಿ ಬಂದಳು. ಆಕೆಯ ದಾಲ್ಚಾಕ್ಕೆ ಸರೋಜವ್ವನ ಮುಖ ಅಲುಗಾಡಲಿಲ್ಲ. "ಉಪ್ಪು ಹಾಕ್ರಿ!" ಎಂದು ಪಕ್ಕದಲ್ಲಿ ನಿಂತ ನಿಖತ ಕೂಗಿದಳು. ಮೂಲೆಮನೆಯ ಖೀಮಾಕ್ಕೆ ಬಾಯಿ ಸೊಟ್ಟಗಾಯಿತು. "ಇಳಸ್ರಿ!" ಹೆಂಗಸರು ಬಟ್ಟಲು ನೋಡುವುದು ಬಿಟ್ಟು ಸರೋಜವ್ವನ ಮುಖವನ್ನೇ ಕಣ್ಣು ಮಿಟುಕಿಸದೆ ನೋಡತೊಡಗಿದರು. ಮದುವೆಯ ದಿನವೂ ತನ್ನ ಮುಖವನ್ನು ಇಷ್ಟು ಜನ ಇಷ್ಟು ಆಸೆಯಿಂದ ನೋಡಿರಲಿಲ್ಲ ಎಂದು ಆಕೆಗೆ ಅನ್ನಿಸಿತು. ಅಂದು ಸಂಜೆ ಓಣಿಯ ಯಾವ ಮನೆಯಲ್ಲೂ ಉಪ್ಪಿನ ಡಬ್ಬಿ ಊಟದ ಸಾಲಿಗೆ ಬರಲಿಲ್ಲ.

ಬಟ್ಟಲುಗಳೆಲ್ಲ ಮುಗಿದ ಮೇಲೆ ಸರೋಜವ್ವ ಗಡಿಬಿಡಿಯಿಂದ ರೊಟ್ಟಿಗೆ ಕೂತಳು. ಲಕ್ಷ್ಮಪ್ಪ ಕಳ್ಳಹೆಜ್ಜೆ ಇಡುತ್ತ ಬಂದು, ಯಾರೂ ಹೇಳದೆ ಒಲೆಗೆ ಕಟ್ಟಿಗೆ ಮುಂದೂಡಿದ, ಸುಟ್ಟ ರೊಟ್ಟಿಗಳನ್ನು ಬುಟ್ಟಿಗೆ ಎತ್ತಿಟ್ಟ. ಆಕೆ ಆತನ ಕಡೆ ಒಮ್ಮೆ ಕೆಂಗಣ್ಣು ಬಿಟ್ಟಳು. ಅಷ್ಟಕ್ಕೇ ಬಿಟ್ಟಳು.

ಅಜಾನ್ ಆಯಿತು. ಸ್ವಲ್ಪ ಹೊತ್ತಿಗೆ ತಾಟುಗಳು ಬಂದವು. ನಿಖತ ತಾನೇ ತಂದಳು. ಉಂಡೆ ಸಾರಿನ ಬಟ್ಟಲನ್ನು ಸರೋಜವ್ವನ ಮುಂದಿಟ್ಟು ಹೇಳಿದಳು.

"ಇದು ನಿಮ್ಮ ಪಾಲು, ದೊಡ್ಡವ್ವಾರ. ಉಪ್ಪು ಹಾಕೂಕಿಂತ ಮೊದ್ಲ ತಗದಿಟ್ಟದ್ದು. ಉಂಡೀನೂ ಬ್ಯಾರೆ ಕಟ್ಟೇನಿ, ಹೆಸರಿಗಷ್ಟ ಒಂದ ಹರಳು ಬಿದ್ದೈತಿ. ಗುಲ್ನಾರಕ್ಕಾರೂ ದಾಲ್ಚಾ ಹಂಗ ತಗದಾರ. ನಾಳಿಂದ ಎಲ್ಲಾರ ಮನ್ಯಾಗೂ ನಿಮ್ಮ ಪಾಲು ಮೊದ್ಲ ತಗೀತಾರ."

ಸರೋಜವ್ವ ತಾಟನ್ನು ನೋಡುತ್ತ ಕೂತಳು. ಯಾರ ನಾಲಗೆಯನ್ನು ತಾನು ಇಷ್ಟು ವರ್ಷ ಕಾದಿದ್ದಳೋ ಅವರೆಲ್ಲ ಈಗ ಬೆಂಕಿಯ ಮುಂದೆ ತನ್ನ ನಾಲಗೆಯನ್ನು ನೆನೆದಿದ್ದರು. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. ರೊಟ್ಟಿ ಮುರಿದು, ಉಂಡೆ ಒಡೆದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಶುಂಠಿಯ ಘಮ, ಗಸಗಸೆಯ ನುಣುಪು, ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಎಲ್ಲ ಒಂದೊಂದಾಗಿ ತಿಳಿದವು. ಆ ರಂಜಾನಿನಲ್ಲಿ ಆಕೆ ಹೊಟ್ಟೆ ತುಂಬ ಉಂಡದ್ದು ಅಂದೇ ಮೊದಲು.

"ಕುಂದ್ರು, ನೀನೂ ಉಣ್ಣು" ಎಂದು ನಿಖತಳ ಸೆರಗು ಹಿಡಿದು ಜಗ್ಗಿದಳು.

ನಿಖತ ಪಕ್ಕದಲ್ಲೇ ಕೂತು ಅದೇ ಬಟ್ಟಲಿಗೆ ರೊಟ್ಟಿ ಅದ್ದಿ ಬಾಯಿಗೆ ಹಾಕಿಕೊಂಡಳು. ಇಡೀ ದಿನ ಹಸಿದ ಹುಡುಗಿ, ಎರಡು ಸಲ ಅಗಿದಳು. ಅಗಿಯುವುದು ನಿಧಾನವಾಯಿತು. ಸರೋಜವ್ವ ಈಗ ಆಕೆಯ ಮುಖವನ್ನೇ ನೋಡುತ್ತಿದ್ದಳು, ಸಂಜೆ ಓಣಿಯವರು ತನ್ನ ಮುಖ ನೋಡಿದ ಹಾಗೆಯೇ.

"ಹ್ಯಾಂಗೈತಿ?"

ನಿಖತ ತುತ್ತು ನುಂಗಿ, ಒಂದು ಗೆರೆಯೂ ಅಲುಗದ ಮುಖದಿಂದ ಹೇಳಿದಳು. "ಹದಾ ಐತ್ರಿ, ದೊಡ್ಡವ್ವಾರ."

ಸರೋಜವ್ವನಿಗೆ ನಗು ಬಂತು. "ಈ ಓಣಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಎಷ್ಟ ಲಗೂ ಕಲ್ತಿ ನೀ!" ಎಂದು ಬುಟ್ಟಿಯಿಂದ ಬಿಸಿ ರೊಟ್ಟಿ ತೆಗೆದು, ಮುರಿದು, ಅರ್ಧ ಆಕೆಯ ಕೈಗಿಟ್ಟಳು. "ರೊಟ್ಟಿ ತಿನ್ನು. ಇದಕ್ಕ ನಾ ಎಂದೂ ಉಪ್ಪು ಹಾಕಿದಾಕಿ ಅಲ್ಲ."

ನಿಖತ ರೊಟ್ಟಿ ತಗೊಂಡು ಮತ್ತೆ ಅದೇ ಬಟ್ಟಲಿಗೆ ಅದ್ದಿದಳು.